ಒಳಗಡೆಯಿಂದ ಹಾಕುವ ಚಿಲಕ

ಮನೆ ಕಟ್ಟಿಸಲು ಆರ್ಕಿಟೆಕ್ಟ್ ಬೇಕು ಎಂದು ನಮ್ಮ ಮನೆಯಲ್ಲಿ ಮೊದಲು ಬಾಯಿ ಬಿಟ್ಟವಳು ನಾನು. ಅದಕ್ಕೆ ನಾನು ಕೊಟ್ಟ ಕಾರಣಗಳೆಲ್ಲ ಘನವಾಗಿದ್ದವು: ಗಾಳಿ, ಬೆಳಕು, ಮುಂದೆ ಮಹಡಿ ಏರಿಸುವುದಾದರೆ ಅಡಿಪಾಯದ ಗಟ್ಟಿತನ. ನಿಜವಾದ ಕಾರಣ ತೀರ ಸಣ್ಣದು. ನನ್ನ ಕೋಣೆಗೊಂದು ಬಾಗಿಲು, ಆ ಬಾಗಿಲಿಗೆ ಒಳಗಡೆಯಿಂದ ಹಾಕುವ ಒಂದು ಚಿಲಕ ನನಗೆ ಬೇಕಾಗಿತ್ತು. ಹದಿನೆಂಟು ವರ್ಷಗಳಿಂದ ಬೇಕಾಗಿತ್ತು. ಮನೆಯವರಿಗೆ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಹೊರಗಿನವರೊಬ್ಬರು ಬಂದು, ಪೆನ್ನು ಹಿಡಿದು, ನಿಮಗೇನು ಬೇಕು ಎಂದು ಕೇಳಿದರೆ ಹೇಳಿಬಿಡಬಹುದು ಎಂದುಕೊಂಡಿದ್ದೆ.

ಒಂದು ಚಿಲಕಕ್ಕೆ ಇಷ್ಟೊಂದು ರಂಪವೇ ಎಂದು ನಿಮಗೆ ಅನ್ನಿಸಬಹುದು. ನಮ್ಮದು ರೇಷ್ಮೆಹುಳ ಸಾಕುವ ಮನೆ. ದಿಬ್ಬೂರಹಳ್ಳಿಯಿಂದ ಸಾದಲಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ನಾನು ಗೌರಿಬಿದನೂರಿನಿಂದ ಮದುವೆಯಾಗಿ ಬಂದಾಗ ಹುಳಗಳು ಮನೆಯೊಳಗೇ ಇದ್ದವು. ನಡುಮನೆಯಲ್ಲಿ ತಟ್ಟೆಗಳ ಸಾಲು, ಪಕ್ಕದ ಕೋಣೆಯಲ್ಲಿ ಸೊಪ್ಪು. ಹುಳ ದೊಡ್ಡದಾಗುತ್ತಾ ಬಂದಂತೆ ಅವಕ್ಕೆ ಜಾಗ ಸಾಲುತ್ತಿರಲಿಲ್ಲ. ಆಗ ನಮ್ಮ ಮಲಗುವ ಕೋಣೆಯೂ ಅವುಗಳ ಪಾಲಾಗುತ್ತಿತ್ತು. ನಾವು ಚಾಪೆ ಸುತ್ತಿಕೊಂಡು ಜಗಲಿಗೆ ಬರುತ್ತಿದ್ದೆವು. ಪ್ರತಿ ಬೆಳೆಗೂ ಒಂದು ವಾರ ಹೀಗೆ ವನವಾಸ.

ಬಾಗಿಲುಗಳು ನಾನು ಬರುವ ಮುಂಚೆಯೇ ಹೋಗಿದ್ದವು. ಚಂದ್ರಂಕಿ ಹೊತ್ತುಕೊಂಡು ಕೋಣೆಯಿಂದ ಕೋಣೆಗೆ ಓಡಾಡುವಾಗ ಬಾಗಿಲು ಅಡ್ಡ ಬರುತ್ತದೆ ಎಂದು ಯಾವುದೋ ಒಂದು ಬೆಳೆಯ ಗಡಿಬಿಡಿಯಲ್ಲಿ ಕಿತ್ತಿಟ್ಟಿದ್ದರಂತೆ. ಚಂದ್ರಂಕಿ ಎಂದರೆ ಹಣ್ಣಾದ ಹುಳ ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟಿ, ಆರಡಿ ಉದ್ದ, ನಾಲ್ಕಡಿ ಅಗಲ. ಕಿತ್ತ ಬಾಗಿಲುಗಳಲ್ಲಿ ಒಂದು ಸೊಪ್ಪು ಕತ್ತರಿಸುವ ಹಲಗೆಯಾಯಿತು, ಇನ್ನೊಂದು ಜಗಲಿಯ ಬೆಂಚಾಯಿತು. ಹೊಸ ಮದುಮಗಳಾದ ನಾನು ನಮ್ಮದೇ ಕೋಣೆಯ ಬಾಗಿಲ ಮೇಲೆ ಕುಳಿತು ಕಾಫಿ ಕುಡಿದವಳು. ಕೋಣೆಗೆ ಒಂದು ಹೂಹೂವಿನ ಪರದೆ ಇತ್ತು. ಗಾಳಿ ಬಂದರೆ ಅದು ನೇರ ನಡುಮನೆಗೇ ಹಾರುತ್ತಿತ್ತು.

ಎರಡು ವರ್ಷದ ಹಿಂದೆ ಹೊಲದಲ್ಲಿ ಹುಳಕ್ಕೆಂದೇ ಬೇರೆ ಮನೆ ಕಟ್ಟಿದೆವು. ಹುಳಗಳು ಗೃಹಪ್ರವೇಶ ಮಾಡಿಕೊಂಡು ಹೋದವು. ಬಾಗಿಲು ಮಾತ್ರ ವಾಪಸು ಬರಲಿಲ್ಲ. ಅದು ಯಾರ ತಲೆಗೂ ಬರಲಿಲ್ಲ. ಕೇಳಬಹುದಿತ್ತಲ್ಲ ಎಂದರೆ, ಅಷ್ಟು ಸಲೀಸಲ್ಲ. ಮದುವೆಯಾದ ಹೊಸದರಲ್ಲಿ ಚಿಲಕ ಬೇಕೆಂದರೆ ಜನ ಮುಸಿಮುಸಿ ನಗುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಕೇಳಿದರೆ, ಅತ್ತೆಗೂ ಸೊಸೆಗೂ ಏನೋ ಆಗಿದೆ ಎನ್ನುತ್ತಾರೆ. ಕೇಳುವುದಕ್ಕೆ ಸರಿಯಾದ ವರ್ಷ ಯಾವುದೆಂದು ಲೆಕ್ಕ ಹಾಕುತ್ತಲೇ ಇಷ್ಟು ವರ್ಷ ಹೋಯಿತು.

ನಾನು ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಹೊಸ ಪುಸ್ತಕ ಬಂದರೆ ಮೊದಲು ನಾನೇ ಓದಬೇಕೆಂಬ ಚಪಲ. ಮನೆಯಲ್ಲಿ ಪುಸ್ತಕ ಹಿಡಿದರೆ ಪರದೆಯಾಚೆಯಿಂದ ಯಾರಾದರೂ "ಸುಮ್ನೆ ಕೂತಿದ್ದೀಯಾ?" ಎನ್ನುತ್ತಾರೆ. ಓದುವುದೆಂದರೆ ನಮ್ಮ ಕಡೆ ಸುಮ್ಮನೆ ಕೂತಿರುವುದು. ಚಿಲಕವಿದ್ದ ಒಂದೇ ಒಂದು ಜಾಗ ಬಚ್ಚಲುಮನೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎಷ್ಟೋ ಕಾದಂಬರಿಗಳನ್ನು ನಾನು ಬಚ್ಚಲಿನ ಕಲ್ಲಿನ ಮೇಲೆ ಕುಳಿತು ಮುಗಿಸಿದ್ದೇನೆ. ನಡುನಡುವೆ ಚೆಂಬಿನಿಂದ ಒಂದಿಷ್ಟು ನೀರು ಚೆಲ್ಲಿ ಸದ್ದು ಮಾಡಬೇಕು, ಅಷ್ಟೇ.

ಇಂಥ ಹೊತ್ತಿನಲ್ಲಿ ಹುಳದ ಮನೆಯ ಪಕ್ಕದ ಜಾಗದಲ್ಲೇ ನಾವೂ ಮನೆ ಕಟ್ಟಿಕೊಳ್ಳುವುದೆಂದು ತೀರ್ಮಾನವಾಯಿತು. ನನ್ನ ಗಂಡ ಊರಿನ ಮೇಸ್ತ್ರಿಯನ್ನು ಕರೆಸುವುದರಲ್ಲಿದ್ದರು. ಮೇಸ್ತ್ರಿ ಒಳ್ಳೆಯವರೇ, ಆದರೆ ಏನನ್ನೂ ಕೇಳುವುದಿಲ್ಲ. ನಿಂತ ನಿಲುವಿನಲ್ಲೇ ಗೋಡೆ ಎಲ್ಲಿ ಬರುತ್ತದೆಂದು ಕೈ ತೋರಿಸಿ, "ಆಯ್ತಲ್ಲ?" ಎನ್ನುತ್ತಾರೆ. ನಾನು ಆರ್ಕಿಟೆಕ್ಟ್ ಎಂದೆ. ನನ್ನ ಗಂಡ ತಲೆ ಕೆರೆದುಕೊಂಡರು.

"ನಮ್ಮೂರಲ್ಲಿ ಯಾರು ಕರ್ಸಿದಾರೆ ಕಣೇ? ಅವ್ರು ಬಂದು ಏನ್ ಮಾಡ್ತಾರೆ?"

"ಕೇಳ್ತಾರೆ," ಎಂದೆ.

"ಏನ್ ಕೇಳ್ತಾರೆ?"

"ನಮಗೇನು ಬೇಕು ಅಂತ."

"ಅದನ್ನ ನಾನೇ ಕೇಳಿದ್ರಾಯ್ತಲ್ಲ. ಏನ್ ಬೇಕು ನಿಂಗೆ?"

ಆಗಲೇ ಹೇಳಬಹುದಿತ್ತು. ಅತ್ತೆ ಪಕ್ಕದಲ್ಲೇ ಕುಳಿತು ಹುರುಳಿ ಹಸನು ಮಾಡುತ್ತಿದ್ದರು. "ಗಾಳಿ ಬೆಳಕು ಬೇಕು," ಎಂದುಬಿಟ್ಟೆ.

ಚಿಕ್ಕಬಳ್ಳಾಪುರದಲ್ಲಿ ಆಫೀಸು ಇಟ್ಟುಕೊಂಡಿರುವ ಒಬ್ಬ ಆರ್ಕಿಟೆಕ್ಟ್ ಇದ್ದಾರೆಂದು ಗ್ರಂಥಾಲಯಕ್ಕೆ ಬರುವ ಉಪಾಧ್ಯಾಯರೊಬ್ಬರು ಹೇಳಿದರು. ಫೋನ್ ಮಾಡಿದರೆ ಹೆಂಗಸಿನ ದನಿ, ಅದೂ ಚಿಕ್ಕ ವಯಸ್ಸಿನದು. ನಮ್ಮನ್ನು ಒಪ್ಪಿಕೊಳ್ಳುವ ಮೊದಲು ಅವರೇ ನಮಗೆ ಹೋಂವರ್ಕ್ ಕೊಟ್ಟರು. ಮನೆಯ ಪ್ರತಿಯೊಬ್ಬ ದೊಡ್ಡವರೂ ಬೇರೆ ಬೇರೆ ಹಾಳೆಯಲ್ಲಿ ಬರೆದಿಡಬೇಕು: ಈಗಿನ ಮನೆಯಲ್ಲಿ ಯಾವುದು ಇಷ್ಟ, ಯಾವುದು ಕಷ್ಟ, ಹೊಸ ಮನೆಯಲ್ಲಿ ಏನಿರಲೇಬೇಕು. ಮನೆ ಬರುವ ಜಾಗದಲ್ಲಿ ನಮಗೆ ತೋಚಿದಂತೆ ಕೋಣೆಗಳ ಗುರುತು ಹಾಕಿ, ನಾಲ್ಕು ದಿನ ಅದರಲ್ಲಿ ಓಡಾಡಿ ನೋಡಬೇಕು. ಆಮೇಲೆ ಒಂದು ದಿನ ಅವರು ಬರುತ್ತಾರೆ.

"ಬರೆಯೋವಾಗ ಒಬ್ಬರದು ಇನ್ನೊಬ್ಬರು ನೋಡ್ಬಾರ್ದು ಮೇಡಂ," ಎಂದು ಒತ್ತಿ ಹೇಳಿದರು. ನನಗೆ ಆ ಹುಡುಗಿಯನ್ನು ಫೋನಿನಲ್ಲೇ ಅಪ್ಪಿಕೊಳ್ಳಬೇಕು ಅನ್ನಿಸಿತು.

ಅವತ್ತು ಮಧ್ಯಾಹ್ನವೇ ಗ್ರಂಥಾಲಯದಲ್ಲಿ ಕುಳಿತು ನನ್ನ ಹಾಳೆ ಬರೆದೆ. ಪುಸ್ತಕಕ್ಕೆ ಗೋಡೆಯಲ್ಲೇ ಗೂಡು. ಅಡುಗೆಮನೆಯಲ್ಲಿ ನಿಂತೇ ಕೆಲಸ ಮಾಡುವಂಥ ಕಟ್ಟೆ, ನನ್ನ ಎತ್ತರಕ್ಕೆ. ಮೂರನೆಯದಾಗಿ, ನನ್ನ ಕೋಣೆಗೆ ಬಾಗಿಲು, ಒಳಗಡೆಯಿಂದ ಚಿಲಕ. ಬರೆದು ನೋಡಿದರೆ ಅಕ್ಷರಗಳು ಮಿಕ್ಕವಕ್ಕಿಂತ ದೊಡ್ಡದಾಗಿದ್ದವು. ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಹಾಕಿಕೊಂಡೆ.

ಅತ್ತೆಗೆ ಓದು ಬರಹ ಬಾರದು. ಅವರದನ್ನು ನಾನೇ ಬರೆದುಕೊಡುತ್ತೇನೆಂದು ಹಾಳೆ ಹಿಡಿದು ಕುಳಿತೆ. ಬಾವಿಕಟ್ಟೆಯಂಥ ಒಂದು ಕಟ್ಟೆ, ಅದರ ಮೇಲೆ ನಲ್ಲಿ ಎಂದರು. ಬರೆದೆ. ರಸ್ತೆ ಕಾಣುವ ಕಿಟಕಿ, ಬಸ್ಸಿನಲ್ಲಿ ಯಾರು ಇಳಿದರು ಯಾರು ಹತ್ತಿದರು ಗೊತ್ತಾಗಬೇಕು ಎಂದರು. ಅದನ್ನೂ ಬರೆದೆ. ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಇನ್ನೇನತ್ತೆ?"

"ಇಲ್ಲ ಬಿಡಮ್ಮ. ಅಷ್ಟೇ. ಆ ಹಾಳೆ ಇಲ್ಲಿ ಕೊಡು."

ಮಾರನೆಯ ದಿನ ಬೆಳಗ್ಗೆ ಆ ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಿಬ್ಬೂರಹಳ್ಳಿ ಬಸ್ಸು ಹತ್ತಿದರು. ರವಿಕೆ ಅಳತೆ ಕೊಡಬೇಕೆಂದರು. ಅಲ್ಲಿನ ಟೈಲರಮ್ಮ ಇವರಿಗೆ ಇಪ್ಪತ್ತು ವರ್ಷದ ಗೆಳತಿ. ಮನೆಯಲ್ಲಿ ಉರ್ದು ಮಾತಾಡುವಾಕೆ, ಅಂಗಡಿಯ ಪುಸ್ತಕದಲ್ಲಿ ಅವರ ಕನ್ನಡ ಅಕ್ಷರ ಮಾತ್ರ ಮುತ್ತು ಪೋಣಿಸಿದಂತಿರುತ್ತದೆ. ಮಧ್ಯಾಹ್ನ ಅತ್ತೆ ವಾಪಸು ಬಂದಾಗ ಹಾಳೆ ಪೊಟ್ಟಣದಂತೆ ಮಡಿಸಿತ್ತು, ಅಂಚಿಗೆ ಅನ್ನದ ಅಗುಳು ಹಚ್ಚಿ ಅಂಟಿಸಿತ್ತು. ತಂದು ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಕೆಳಗಿಟ್ಟರು.

ಸೊಸೆಗೆ ಹೇಳಲಾಗದ್ದು, ಟೈಲರಮ್ಮನಿಗೆ ಹೇಳಬಹುದಾದದ್ದು ಏನಿರುತ್ತದೆ? ನನ್ನ ಮೇಲಿನ ದೂರೇ ಇರಬೇಕು. ಬಚ್ಚಲಲ್ಲಿ ಗಂಟೆಗಟ್ಟಲೆ ಕೂರುತ್ತಾಳೆ, ಆದ್ದರಿಂದ ಹೊಸ ಮನೆಯಲ್ಲಿ ಬಚ್ಚಲಿಗೂ ಬಾಗಿಲು ಬೇಡ ಎಂದು ಬರೆಸಿದ್ದಾರೋ ಏನೋ. ಅವರು ತರಕಾರಿ ಕೀಳಲು ಹಿತ್ತಿಲಿಗೆ ಹೋದಾಗ ಒಮ್ಮೆ ಆ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆನೆಂದು ಒಪ್ಪಿಕೊಳ್ಳುತ್ತೇನೆ. ಏನೂ ಕಾಣಲಿಲ್ಲ. ಅನ್ನದ ಅಗುಳು ಬಲು ಗಟ್ಟಿ.

ಇತ್ತ ನನ್ನ ಗಂಡ ಜಾಗದ ಗುರುತು ಹಾಕುವ ಉತ್ಸಾಹದಲ್ಲಿದ್ದರು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಹುಳದ ಮೇಲೆ ಉದುರಿಸುವ ಸುಣ್ಣದ ಪುಡಿ ಮನೆಯಲ್ಲಿ ಮೂಟೆಗಟ್ಟಲೆ ಇರುತ್ತದೆ. ಒಂದು ಮೂಟೆ ಹೊತ್ತು ತಂದರು. ಅಳೆಯುವ ಟೇಪು ಎಲ್ಲೋ ಇಟ್ಟು ಮರೆತಿದ್ದರು. ಆದರೇನಂತೆ, ಗೋಡೆಗೆ ಒರಗಿಸಿದ ಚಂದ್ರಂಕಿಗಳಿದ್ದವಲ್ಲ. ನೆಲದ ಮೇಲೆ ಅವನ್ನೇ ಮಲಗಿಸುತ್ತಾ, ಸುತ್ತ ಸುಣ್ಣ ಉದುರಿಸುತ್ತಾ ಹೋದರು. ನಡುಮನೆ ಉದ್ದಕ್ಕೆ ಮೂರು ಚಂದ್ರಂಕಿ, ಅಗಲಕ್ಕೆ ಮೂರು. ಅಡುಗೆಮನೆ ಎರಡಕ್ಕೆರಡು. ಸಂಜೆಯ ಹೊತ್ತಿಗೆ ಕೆಂಪು ಮಣ್ಣಿನ ಮೇಲೆ ಬಿಳಿ ಗೆರೆಗಳ ಒಂದು ಮನೆ ಎದ್ದು ಕಾಣುತ್ತಿತ್ತು.

ಅತ್ತೆ ಆ ಗೆರೆಗಳನ್ನು ಗೋಡೆಗಳೆಂದೇ ನಂಬಿಬಿಟ್ಟರು. ನೋಡಲು ಬಂದ ನೆರೆಯವರೊಬ್ಬರು ಗೆರೆ ದಾಟಿ ನೇರ ಅಡುಗೆಮನೆಗೆ ಕಾಲಿಟ್ಟರು.

"ಏನಪ್ಪ, ಗೋಡೆ ತೂರ್ಕೊಂಡು ಬರ್ತೀಯಲ್ಲ! ಬಾಗ್ಲು ಆ ಕಡೆ ಐತೆ, ಸುತ್ಕೊಂಡ್ ಬಾ," ಎಂದು ಗದರಿದರು.

ಆ ಮನುಷ್ಯ ಹಿಂದೆ ಹೋಗಿ, ಚಪ್ಪಲಿ ಬಿಟ್ಟು, ಇಲ್ಲದ ಬಾಗಿಲಿನಿಂದ ಒಳಗೆ ಬಂದರು. ನಾಲ್ಕು ದಿನ ನಾವು ಸಂಜೆಯ ಕಾಫಿಯನ್ನು ಅಲ್ಲೇ ಕುಡಿದೆವು. ಅಷ್ಟು ನಗು ನಮ್ಮ ಗೋಡೆಯಿರುವ ಮನೆಯಲ್ಲೂ ನಾನು ಕೇಳಿರಲಿಲ್ಲ. ಮಗಳು ಚಿಕ್ಕಬಳ್ಳಾಪುರದ ಹಾಸ್ಟೆಲಿನಿಂದ ವಿಡಿಯೊ ಕಾಲ್ ಮಾಡಿ, ತನ್ನ ಕೋಣೆ ಯಾವುದೆಂದು ಕೇಳಿ, ಅದರ ನಡುವೆ ನನ್ನನ್ನು ಫೋನ್ ಹಿಡಿಸಿ ನಿಲ್ಲಿಸಿ ಸುತ್ತಲೂ ನೋಡಿದಳು.

ನಾನು ಮಾತ್ರ ದಿನಕ್ಕೊಂದು ಸಲ ಯಾರೂ ಇಲ್ಲದಾಗ ನನ್ನ ಕೋಣೆಗೆ ಹೋಗಿ ನಿಲ್ಲುತ್ತಿದ್ದೆ. ಒಂದು ವಿಷಯ ಕಣ್ಣಿಗೆ ಚುಚ್ಚುತ್ತಿತ್ತು. ಬಾಗಿಲಿಗೆಂದು ಬಿಟ್ಟ ಜಾಗ ಎತ್ತಿನಗಾಡಿ ನುಗ್ಗುವಷ್ಟಿತ್ತು. ಗಂಡನನ್ನು ಕೇಳಿದೆ.

"ಇಷ್ಟು ಅಗಲ ಯಾಕ್ರೀ?"

"ಚಂದ್ರಂಕಿ ಹಿಡ್ಕೊಂಡು ತಿರುಗ್ಬೇಕಲ್ಲ?"

"ಹುಳ ಎಲ್ಲಿರುತ್ತೆ?"

"ಅಲ್ಲಿ," ಎಂದು ಪಕ್ಕದ ಹುಳದ ಮನೆ ತೋರಿಸಿದರು. ತೋರಿಸಿದ ಕೈ ಹಾಗೇ ನಿಂತಿತು. "ಅಲ್ವಾ? ಇಲ್ಲಿಗ್ಯಾಕೆ ಬರುತ್ತೆ?" ಎಂದು ತಮ್ಮನ್ನೇ ಕೇಳಿಕೊಂಡರು. ಆದರೂ ಗೆರೆ ಬದಲಾಯಿಸಲಿಲ್ಲ. "ಇರ್ಲಿ ಬಿಡು, ಯಾವ್ದಕ್ಕೂ ಇರ್ಲಿ," ಎಂದರು. ನನಗೆ ಮೈಯೆಲ್ಲ ಉರಿಯಿತು. ಯಾವುದಕ್ಕೂ ಇರಲಿ ಎಂದು ಬಿಟ್ಟ ಬಾಗಿಲಿಗೆ ಯಾರೂ ಚಿಲಕ ಹಾಕಿಸುವುದಿಲ್ಲ.

ಆರ್ಕಿಟೆಕ್ಟ್ ಬರುವ ದಿನ ಬೆಳಗ್ಗೆ ನನ್ನ ಧೈರ್ಯ ಕೈಕೊಟ್ಟಿತು. ಅತ್ತೆ ಎದ್ದವರೇ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ನನಗೂ ಒಂದು ಮೊಳ ಕನಕಾಂಬರ ಕಟ್ಟಿಟ್ಟಿದ್ದರು. "ಬರೋರು ಹೆಣ್ಮಗಳು, ನೀನೂ ಹೂ ಮುಡ್ಕೊಮ್ಮ," ಎಂದು ತಾವೇ ಮುಡಿಸಿದರು. ಆ ಕೈಗಳು ನನ್ನ ತಲೆಯ ಮೇಲಿರುವಾಗ, ಇವರಿಂದ ಮುಚ್ಚಿಕೊಳ್ಳಲು ಚಿಲಕ ಕೇಳಿದ್ದೇನಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು ಬಂತು. ಒಳಗೆ ಹೋಗಿ, ಹಾಳೆ ತೆಗೆದು, ಮೂರನೆಯ ಸಾಲಿನ ಮೇಲೆ ಪೆನ್ನಿನಿಂದ ಎಡಕ್ಕೂ ಬಲಕ್ಕೂ ಗೀಚಿ ಹಾಕಿದೆ. ಹದಿನೆಂಟು ವರ್ಷ ಬದುಕಿದ್ದೇನೆ, ಇನ್ನು ಮುಂದೆಯೂ ಬಚ್ಚಲಿದೆ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವೇನೂ ಆಗಲಿಲ್ಲ.

ಆರ್ಕಿಟೆಕ್ಟ್ ಹತ್ತು ಗಂಟೆಗೆ ಸ್ಕೂಟರಿನಲ್ಲಿ ಬಂದರು. ಮಗಳಿಗಿಂತ ಎಂಟೊಂಬತ್ತು ವರ್ಷ ದೊಡ್ಡವರಿರಬಹುದು. ಸುಣ್ಣದ ಮನೆಯ ಮುಂದೆ ನಿಂತು, ಬಾಗಿಲು ಯಾವುದೆಂದು ಕೇಳಿ, ಅಲ್ಲಿಂದಲೇ ಒಳಗೆ ಬಂದರು. ಅತ್ತೆಗೆ ಅಷ್ಟು ಸಾಕಾಯಿತು. "ಮನೆತನಸ್ತೆ ಹುಡ್ಗಿ ಕಣಮ್ಮ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಸುಣ್ಣದ ನಡುಮನೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೆವು. ಬೆಳಗಿನ ಬಿಸಿಲು, ತಲೆಯ ಮೇಲೆ ಹೊಂಗೆಮರದ ನೆರಳು. ಆರ್ಕಿಟೆಕ್ಟ್ ಮೊದಲು ನನ್ನ ಗಂಡನ ಹಾಳೆ ಬಿಡಿಸಿ, ಯಾರನ್ನೂ ಕೇಳದೆ ಗಟ್ಟಿಯಾಗಿ ಓದತೊಡಗಿದರು.

"ಬಾಗಿಲು ಐದಡಿ. ಹೊಸ್ತಿಲು ಬೇಡ. ಕಿಟಕಿ ಎದುರುಬದುರು, ಎಲ್ಲದಕ್ಕೂ ನೊಣ ಬರದಂಗೆ ಬಲೆ. ನೆಲ ತೊಳೆಯೋಕೆ ಇಳಿಜಾರು. ಇರುವೆ ಹತ್ತಬಾರದು..." ಓದುವುದನ್ನು ನಿಲ್ಲಿಸಿ ಪಕ್ಕದ ಹುಳದ ಮನೆಯ ಕಡೆ ನೋಡಿದರು. "ಸರ್, ಹುಳುವಿನ ಮನೆ ಆಗ್ಲೇ ಅಲ್ಲಿದೆ ಅಲ್ವಾ? ಇದು ಯಾರಿಗೆ?"

"ನಮಗೇ ಮೇಡಂ," ಎಂದರು ನನ್ನ ಗಂಡ.

"ಹಂಗಾದ್ರೆ ನೀವು ಎಲ್ಲಿ ಮಲಗ್ತೀರ? ಅದನ್ನ ಬರ್ದೇ ಇಲ್ಲ."

ನನ್ನ ಗಂಡ ಹಾಳೆಯನ್ನು ವಾಪಸು ಇಸಿದುಕೊಂಡು ಮೇಲಿಂದ ಕೆಳಗೆ ನೋಡಿದರು. "ಜಗಲಿ ಮೇಲೆ," ಎಂದರು. ಮೊದಲು ನಕ್ಕವರು ಅವರೇ. ಆಮೇಲೆ ನಾವೆಲ್ಲ ನಕ್ಕೆವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ನಗುವಿನಲ್ಲೇ ನನ್ನ ಹಾಳೆ ಬಿಡಿಸಿದರು. ಪುಸ್ತಕದ ಗೂಡು, ಕಟ್ಟೆಯ ಎತ್ತರ. "ಇಲ್ಲೊಂದು ಹೊಡೆದು ಹಾಕಿದೀರಲ್ಲ ಮೇಡಂ?"

"ಏನಿಲ್ಲ, ತಪ್ಪಾಗಿತ್ತು," ಎಂದೆ.

ಅವರು ತಲೆಯಾಡಿಸಿ ಅತ್ತೆಯ ಪೊಟ್ಟಣ ಕೈಗೆತ್ತಿಕೊಂಡರು. ಉಗುರಿನಿಂದ ಬಿಡಿಸಲು ಸ್ವಲ್ಪ ಹೊತ್ತೇ ಹಿಡಿಯಿತು. ಆರ್ಕಿಟೆಕ್ಟ್ ಅದನ್ನು ಚಿಕ್ಕಬಳ್ಳಾಪುರಕ್ಕೆ ಕೊಂಡುಹೋಗಿ ಒಬ್ಬರೇ ಓದುತ್ತಾರೆ ಎಂದು ಅತ್ತೆ ತಿಳಿದಿದ್ದರೆಂಬುದು ಆ ಕ್ಷಣದಲ್ಲಿ ಅವರ ಮುಖ ನೋಡಿದಾಗಲೇ ನನಗೆ ಗೊತ್ತಾದದ್ದು. "ಅಯ್ಯೋ ನನ್ ತಾಯಿ, ಅದು..." ಎಂದು ಕುರ್ಚಿಯಿಂದ ಅರ್ಧ ಎದ್ದರು. ಅಷ್ಟರಲ್ಲಿ ಆ ಹುಡುಗಿ ಶುರು ಮಾಡಿಯಾಗಿತ್ತು. ನಾನು ಬರೆದ ನಲ್ಲಿ, ಕಿಟಕಿ ಮುಗಿದು, ಟೈಲರಮ್ಮನ ಮುತ್ತಿನಂಥ ಅಕ್ಷರ ಬಂತು.

"ನನಗೆ ಒಂದು ಕೋಣೆ, ಚಿಕ್ಕದಾದರೂ ಸಾಕು. ಅದಕ್ಕೆ ಬಾಗಿಲು ಇರಬೇಕು. ಒಳಗಡೆಯಿಂದ ಚಿಲಕ ಇರಬೇಕು. ನಾನು ಮದುವೆಯಾಗಿ ಬಂದ ದಿನದಿಂದ ಒಂದು ಸಲವೂ ಬಾಗಿಲು ಹಾಕಿಕೊಂಡು ಮಲಗಿಲ್ಲ. ಒಂದು ಸಲ ಹಾಕಿಕೊಂಡು ನೋಡಬೇಕು ಅಂತ ಆಸೆ. ಇದು ಸೊಸೆಗೆ ತಿಳಿಯಬಾರದು. ಅವಳು ಒಳ್ಳೆಯವಳು, ತನ್ನಿಂದಲೇ ಅಂದುಕೊಂಡು..."

ಅಲ್ಲಿಗೆ ಆರ್ಕಿಟೆಕ್ಟ್ ನಿಲ್ಲಿಸಿದರು. ಕಿವಿಯವರೆಗೂ ಕೆಂಪಾಗಿದ್ದರು ಪಾಪ. ನನ್ನ ಗಂಡ ತಾಯಿಯನ್ನೇ ನೋಡುತ್ತಿದ್ದರು. ಅತ್ತೆ ನೆಲದ ಸುಣ್ಣವನ್ನು ಕಾಲಿನ ಹೆಬ್ಬೆರಳಿನಿಂದ ಕೆದಕುತ್ತಾ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕುಳಿತಿದ್ದರು. ಈ ಹೆಂಗಸು ಬಾಗಿಲು ಕಿತ್ತವರ ಪೈಕಿ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು, ಅದರ ಜೊತೆಗೇ ಎಲ್ಲಿಲ್ಲದ ಖುಷಿಯಾಯಿತು.

"ಮೇಡಂ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ನಾನು ಹೊಡೆದು ಹಾಕಿದ್ದು ತಪ್ಪಾಗಿ ಬರೆದದ್ದಲ್ಲ. ನಾನೂ ಚಿಲಕಾನೇ ಬರ್ದಿದ್ದೆ. ಅತ್ತೆ ಬೇಜಾರು ಮಾಡ್ಕೋತಾರೆ ಅಂತ ಹೊಡೆದು ಹಾಕ್ದೆ."

ಅತ್ತೆ ತಲೆಯೆತ್ತಿದರು. ಹಾಳೆಯನ್ನು ಇಸಿದುಕೊಂಡು, ಓದು ಬಾರದ ಕಣ್ಣುಗಳಿಂದ ನಾನು ಗೀಚಿದ ಸಾಲನ್ನು ನೋಡಿದರು. ಅದರ ಮೇಲೆ ಒಮ್ಮೆ ಬೆರಳಾಡಿಸಿದರು.

"ಎಷ್ಟ್ ವರ್ಷದಿಂದಮ್ಮ?"

"ಬಂದಾಗಿನಿಂದ ಅತ್ತೆ."

ಅವರು ನನ್ನನ್ನು ನೋಡಿದ ನೋಟದಲ್ಲಿ ಕೋಪವೂ ಇತ್ತು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬಂಥದ್ದು. ಆಮೇಲೆ ಹಾಳೆಯನ್ನು ಆರ್ಕಿಟೆಕ್ಟ್ ಕೈಗೆ ಕೊಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ಎರಡು ಚಿಲಕ ಬರ್ಕೊಳಮ್ಮ," ಎಂದರು. "ಮೊದ್ಲು ಅವಳ್ದು ಬರಿ."